ಎರಡು ಬೀಗದ ಬೀರು

ಈ ಊರಿನಲ್ಲಿ ಯಾರು ಎಲ್ಲಿ ಕೂತರೂ ನನ್ನ ಕೈಕೆಲಸದ ಮೇಲೆಯೇ ಕೂರುವುದು. ಡಾಕ್ಟರ ಸೋಫಾ, ಬ್ಯಾಂಕಿನ ಕುರ್ಚಿ, ಟಾಕೀಸಿನ ಸೀಟು, ಎಲ್ಲಕ್ಕೂ ಸ್ಪ್ರಿಂಗು ಕಟ್ಟಿ ಬಟ್ಟೆ ಹೊದಿಸಿದವನು ನಾನೇ. ನಾನು ಒಂದು ವಾರ ಅಂಗಡಿ ಮುಚ್ಚಿದರೆ ಊರಿಗೆ ಊರೇ ನಿಂತುಕೊಂಡು ಊಟ ಮಾಡಬೇಕಾಗುತ್ತದೆ. ಇಷ್ಟು ಜನರನ್ನು ಕೂರಿಸಿದ ನನಗೆ ಅಕ್ಕ ಭಾವ ಇಬ್ಬರನ್ನು ಒಂದು ಕಡೆ ಕೂರಿಸಲು ಮಾತ್ರ ಪೂರ್ತಿ ಒಂದು ಬೇಸಿಗೆ ಹಿಡಿಯಿತು. ಕೂರಿಸಿದ್ದು ನಾನೇ ಎಂದು ನಾನು ಹೇಳುತ್ತೇನೆ. ಅಮ್ಮ ಒಪ್ಪುವುದಿಲ್ಲ.

ಅಕ್ಕ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಅವಳು ಒಂದೇ ದಿನ ಒಗೆಸುವ ಚಾದರಗಳನ್ನು ಹಾಸಿದರೆ ಸಮುದ್ರವನ್ನು ಮುಚ್ಚಿ, ಅಂಚನ್ನು ಮಡಚಿ ಒಳಗೆ ಸೇರಿಸಬಹುದು. ಭಾವ ಲಿಫ್ಟ್ ಮೆಕ್ಯಾನಿಕ್. ಅವರಿಲ್ಲದಿದ್ದರೆ ಊರಿನ ಅರ್ಧ ಜನ ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಸಿಕ್ಕಿಕೊಂಡು ಅಲ್ಲೇ ಮುದುಕರಾಗುತ್ತಿದ್ದರು. ಹನ್ನೊಂದು ವರ್ಷ ಸಂಸಾರ ಮಾಡಿ ಇಬ್ಬರೂ ಕಳೆದ ಚಳಿಗಾಲದಲ್ಲಿ ಬೇರೆಯಾದರು. ಕಾರಣ ಕೇಳಬೇಡಿ. ಅಕ್ಕ ಹೇಳುವ ಕಾರಣ ಒಂದು, ಭಾವ ಹೇಳುವುದು ಇನ್ನೊಂದು, ಬೀದಿಯವರು ಹೇಳುವುದು ಆ ಎರಡಕ್ಕಿಂತಲೂ ಚೆನ್ನಾಗಿದೆ. ಅಕ್ಕ ಮಗಳ ಕೈ ಹಿಡಿದು, ಮರದ ಬೀರುವೊಂದನ್ನು ಕೈಗಾಡಿಗೆ ಹೇರಿಸಿ ನಮ್ಮ ಮನೆಗೆ ಬಂದಳು. ಭಾವ ಎರಡು ಬೀದಿ ಆಚೆಯ ಬಾಡಿಗೆ ಮನೆಯಲ್ಲೇ ಉಳಿದರು.

ಮಗಳಿಗೆ ಒಂಬತ್ತು ವರ್ಷ. ಹಕ್ಕಿಗಳಿಗೂ ಮೊದಲು ಎದ್ದು, ಮನೆಯವರ ಹೊದಿಕೆಗಳನ್ನೆಲ್ಲ ಎಳೆದುಹಾಕುವುದರಿಂದ ನಾವೆಲ್ಲ ಅವಳನ್ನು ಕರೆಯುವುದು ಅಲಾರಂ ಎಂದು.

ಭಾನುವಾರ ಮಗಳನ್ನು ಸುತ್ತಾಡಿಸಲು ಭಾವ ಬರುತ್ತಿದ್ದರು. ಬಂದವರಿಗೆ ಅಮ್ಮ ಊಟ ಹಾಕದೆ ಬಿಡುತ್ತಿರಲಿಲ್ಲ. ಅಂಥ ಒಂದು ಭಾನುವಾರ ಅಕ್ಕ ಆಲೂಗಡ್ಡೆ ಬಡಿಸುತ್ತ, ಉಪ್ಪು ಸಾಲದು ಅನ್ನುವಷ್ಟು ಸಲೀಸಾಗಿ ಹೇಳಿದಳು.

"ರಜೆ ಮುಗಿದ ಮೇಲೆ ಇವಳ ಶಾಲೆ ಅಲ್ಲೇ."

"ಎಲ್ಲಿ?" ಅಂದರು ಭಾವ.

"ನನಗೆ ವರ್ಗ ಆಗಿದೆ. ಹೊಸ ಆಸ್ಪತ್ರೆ, ಇಡೀ ಲಾಂಡ್ರಿ ನನ್ನ ಕೈಗೆ ಕೊಡ್ತಿದಾರೆ." ಊರಿನ ಹೆಸರನ್ನೂ ಹೇಳಿದಳು. ರೈಲಿನಲ್ಲಿ ಐದು ಗಂಟೆಯ ದಾರಿ. ಆ ರೈಲು ಓಡುವ ಚಂದ ನೋಡಿದರೆ ನಾನು ಐವತ್ತು ಅನ್ನುತ್ತೇನೆ.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಏನಂತಿದ್ರಿ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಭಾವ ತಟ್ಟೆ ಬಿಟ್ಟು ಎದ್ದರು. ಕೈ ತೊಳೆದು, ಹೆಗಲಚೀಲದಿಂದ ಕೆಂಪು ಬಣ್ಣದ ಬೀಗವೊಂದನ್ನು ತೆಗೆದು, ಸೀದಾ ಹೋಗಿ ಮಗಳ ಬಟ್ಟೆಬರೆಯಿದ್ದ ಬೀರುವಿನ ಚಿಲಕಕ್ಕೆ ಹಾಕಿಬಿಟ್ಟರು.

ಲಿಫ್ಟಿನವರಲ್ಲಿ ಒಂದು ಕಟ್ಟುಪಾಡಿದೆ. ಲಿಫ್ಟು ಏರಿಳಿಯುವ ಬಾವಿಯಂಥ ಗುಂಡಿಗೆ ಇಳಿಯುವ ಮುನ್ನ ಕರೆಂಟಿನ ಸ್ವಿಚ್ಚಿಗೆ ತಮ್ಮ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಬೇಕು. ಹಾಕಿದವನೇ ತೆಗೆಯಬೇಕು. ಕಟ್ಟಡದ ಮಾಲೀಕನೇ ಬಂದು ಕಾಲಿಗೆ ಬಿದ್ದರೂ ಇನ್ನೊಬ್ಬರು ಮುಟ್ಟುವಂತಿಲ್ಲ. ಇಬ್ಬರು ಇಳಿದರೆ ಎರಡು ಬೀಗ, ಇಬ್ಬರೂ ತೆಗೆಯುವ ತನಕ ಲಿಫ್ಟು ಅಲ್ಲಾಡುವುದಿಲ್ಲ.

"ಇವಳ ಒಂದು ಕಾಲುಚೀಲನೂ ಈ ಊರು ಬಿಟ್ಟು ಹೋಗಲ್ಲ," ಅಂದರು ಭಾವ. "ನಾನು ಹಾಕಿದ್ದು. ನಾನೇ ತೆಗೀಬೇಕು."

ಹನ್ನೊಂದು ವರ್ಷ ಲಿಫ್ಟಿನವನ ಜೊತೆ ಬಾಳಿದವಳಿಗೆ ಆ ಕಟ್ಟುಪಾಡು ಗೊತ್ತಿರದೆ ಇರುತ್ತದೆಯೇ. ಅಕ್ಕ ಒಳಗೆ ಹೋಗಿ ಲಾಂಡ್ರಿಯ ತನ್ನ ಪೆಟ್ಟಿಗೆಗೆ ಹಾಕುವ ಬೀಗವನ್ನು ತಂದು ಅದೇ ಚಿಲಕಕ್ಕೆ, ಕೆಂಪು ಬೀಗದ ಪಕ್ಕದಲ್ಲೇ ಸಿಕ್ಕಿಸಿದಳು.

"ಇದು ನನ್ನದು. ಈಗ ನೀವು ನಿಮ್ಮದು ತೆಗೆದ್ರೂ ಬೀರು ತೆರೆಯಲ್ಲ."

"ಅಮ್ಮಾ, ನನ್ನ ಹಳದಿ ಫ್ರಾಕು ಒಳಗಿದೆ," ಅಂದಳು ಅಲಾರಂ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಭಾವ ಹೊರಟುಹೋದ ಮೇಲೆ ನಾನು ಸುತ್ತಿಗೆ ತಂದೆ. ನನ್ನ ಸುತ್ತಿಗೆ ಎತ್ತಿದರೆ ಸಾಕು, ಬೀಗಗಳು ತಾವಾಗಿ ಬಾಯಿ ಬಿಡುತ್ತವೆ. ಅಮ್ಮ ಅಡ್ಡ ನಿಂತಳು.

"ಕೈ ಹಚ್ಚಿ ನೋಡು. ಅವರದ್ದು ಒಡೆದ್ರೆ ಅವರು ಪೋಲೀಸಿಗೆ ಹೋಗ್ತಾರೆ, ಇವಳದ್ದು ಒಡೆದ್ರೆ ಇವಳು ವಕೀಲರ ಹತ್ರ ಓಡ್ತಾಳೆ. ಅವರವರ ಬೀಗ ಅವರವರೇ ತೆಗೀಲಿ."

"ಅಲ್ಲೀವರೆಗೂ ಮಗು ಏನು ಹಾಕ್ಕೊಳ್ಳುತ್ತೆ?"

"ಊರಿಗೆಲ್ಲ ಬಟ್ಟೆ ಹೊದಿಸ್ತೀನಿ ಅಂತೀಯಲ್ಲ. ಇವಳಿಗೂ ಹೊದಿಸು."

ಶಾಲೆಯ ಸಮವಸ್ತ್ರ ತಂತಿಯ ಮೇಲೆ ಒಣಗುತ್ತಿದ್ದುದರಿಂದ ಅದೊಂದು ಉಳಿದಿತ್ತು. ಮನೆಯಲ್ಲಿ ತೊಡಲು ಅಂಗಡಿಯಲ್ಲಿ ಮಿಕ್ಕಿದ್ದ ಸೋಫಾದ ಮಖಮಲ್ಲಿನಲ್ಲಿ ನಾನು ಒಂದು ಫ್ರಾಕು ಹೊಲಿದೆ. ಕಂದುಕೆಂಪು ಬಣ್ಣ, ಮೇಲೆ ಎಲೆಕೋಸಿನಷ್ಟು ದಪ್ಪದ ಹೂಗಳು. ಲೋಕದಲ್ಲಿ ಯಾವ ರಾಜಕುಮಾರಿಯೂ ಅಂಥದ್ದನ್ನು ತೊಟ್ಟಿರಲಿಕ್ಕಿಲ್ಲ. ಅದನ್ನು ಹಾಕಿಕೊಂಡು ಅವಳು ಅಂಗಡಿಯ ಸೋಫಾದ ಮೇಲೆ ಮಲಗಿದ್ದಾಗ ಗಿರಾಕಿಯೊಬ್ಬ ದಿಂಬು ಎಂದುಕೊಂಡು ಅವಳ ಮೇಲೇ ಕೂರಲು ಹೋದ.

"ಮಾಮ, ಚುಚ್ಚುತ್ತೆ," ಅಂದಳು.

"ಚೆನ್ನಾಗಿರೋದೆಲ್ಲ ಸ್ವಲ್ಪ ಚುಚ್ಚುತ್ತೆ ಕಣೇ."

ಆಮೇಲಿನ ವಾರಗಳಲ್ಲಿ ಮನೆಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ. ಅಕ್ಕ ಹಾಲಿನ ಪಾತ್ರೆ ತೊಳೆಯುತ್ತ ತನ್ನ ವಕೀಲರ ಮಾತು ಹೇಳುವಳು, ಪಾತ್ರೆಯ ತಳ ಸವೆಯುವುದು. ಭಾವ ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಸ್ಪ್ರಿಂಗು ಕಟ್ಟದ ಸೋಫಾದಲ್ಲಿ ಹೂತುಕೊಂಡು ತಮ್ಮ ವಕೀಲರ ಮಾತು ಹೇಳುವರು. ಇವಳ ವಕೀಲರು ಹೇಳಿದ್ದೇನು? ಲಿಫ್ಟಿನವನಿಗೆ ಹೊತ್ತಿಲ್ಲ ಗೊತ್ತಿಲ್ಲ, ಅಂಥವನ ಕೈಗೆ ಕೋರ್ಟು ಮಗು ಕೊಡುವುದಿಲ್ಲ. ಅವರ ವಕೀಲರು ಹೇಳಿದ್ದೇನು? ಮಧ್ಯಾಹ್ನ ಹೋಗಿ ರಾತ್ರಿ ಬರುವ ತಾಯಿಗೂ ಕೊಡುವುದಿಲ್ಲ. ಇಬ್ಬರೂ ವಕೀಲರು ಸೇರಿ ಮಗುವನ್ನು ಯಾರಿಗೂ ಕೊಡದೆ ತಾವೇ ಇಟ್ಟುಕೊಳ್ಳುವಂತೆ ಕಾಣುತ್ತಿತ್ತು.

ನಾನು ಅತ್ತಿಂದಿತ್ತ ಸುದ್ದಿ ಒಯ್ಯುತ್ತಿದ್ದೆ. ನನ್ನ ಬಾಯಿಗೆ ಬಂದ ಮಾತು ಬಂದ ಅಳತೆಯಲ್ಲೇ ಹೊರಗೆ ಹೋದ ಇತಿಹಾಸವಿಲ್ಲ. ಭಾವ "ಯೋಚನೆ ಮಾಡಬೇಕು" ಅಂದದ್ದು ಅಕ್ಕನ ಹತ್ತಿರ ಹೋಗುವಾಗ "ನಿದ್ದೆ ಬಿಟ್ಟಿದಾರೆ, ಕಣ್ಣು ಕೆಂಪಾಗಿವೆ, ಏನು ಮಾಡ್ಕೊಳ್ತಾರೋ" ಎಂದಾಗುತ್ತಿತ್ತು. ಅಕ್ಕ "ನೋಡೋಣ" ಅಂದದ್ದು ಭಾವನ ಹತ್ತಿರ "ರೈಲಿನ ಟಿಕೆಟು ತಗೊಂಡಾಯ್ತಂತೆ" ಎಂದಾಗುತ್ತಿತ್ತು. ಅದನ್ನು ಕೇಳಿ ಭಾವ ಶಾಲೆಯ ಗೇಟಿನಲ್ಲಿ ಹೋಗಿ ನಿಂತರು. ಅವರು ನಿಂತಿದ್ದಾರೆಂದು ಕೇಳಿ ಅಕ್ಕ ಕೆಲಸ ಬಿಟ್ಟು ಓಡಿಬಂದಳು. ಗೇಟಿನ ಮುಂದೆ ಇಬ್ಬರೂ ಅಲಾರಂಳ ಒಂದೊಂದು ಕೈ ಹಿಡಿದು ಜಗಳವಾಡಿದರು. ಅವಳು ಎರಡೂ ಕೈ ಕೊಡವಿಕೊಂಡು, ಯಾರ ಜೊತೆಗೂ ಬಾರದೆ, ಒಬ್ಬಳೇ ಮನೆಗೆ ನಡೆದು ಬಂದಳು. ಆ ಸಂಜೆ ಅವಳು ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಯಾರನ್ನೂ ಎಬ್ಬಿಸಲೂ ಇಲ್ಲ.

"ಇನ್ನು ಮೇಲೆ ನಿನ್ನ ನಾಲಿಗೆ ಅಂಗಡಿಯಲ್ಲೇ ಬಿಟ್ಟು ಬಾ," ಎಂದು ಅಮ್ಮ ನನಗೆ ಹೇಳಿ, ಕನ್ನಡಕ ಬದಲಾಯಿಸಬೇಕೆಂದು ಪೇಟೆಗೆ ಹೋದಳು.

ಹೋದವಳು ಕನ್ನಡಕದ ಜೊತೆ ಇನ್ನೊಂದನ್ನೂ ತಂದಳು. ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಕುಟುಂಬ ಸಂಧಾನ ಕೇಂದ್ರ ಎಂಬ ಬೋರ್ಡಿತ್ತಂತೆ. ಹೊಸ ಕನ್ನಡಕದಲ್ಲಿ ಅವಳು ಮೊದಲು ಓದಿದ್ದು ಅದನ್ನೇ. ಮೆಟ್ಟಿಲು ಹತ್ತಿ, ಅಲ್ಲಿದ್ದ ಮೇಡಂ ಜೊತೆ ಟೀ ಕುಡಿದು, ಮಗಳು ಅಳಿಯ ಇಬ್ಬರ ಹೆಸರನ್ನೂ ಬುಧವಾರಕ್ಕೆ ಬರೆಸಿ ಬಂದಿದ್ದಳು.

"ನನ್ನನ್ನ ಕೇಳ್ದೆ ಯಾಕಮ್ಮ ಬರೆಸಿದೆ?" ಅಕ್ಕ ರೇಗಿದಳು.

"ನಿಮ್ಮ ಮನೆಯಲ್ಲಿ ಕೇಳೋ ಪದ್ಧತಿ ಇದೆಯಾ?"

"ಅಲ್ಲಿ ಏನು ತೀರ್ಪು ಕೊಡ್ತಾರಂತೆ?"

"ಕೊಡಲ್ವಂತೆ. ನಾನೂ ಕೇಳಿದೆ, ತೀರ್ಪು ಕೊಡದ ಮೇಲೆ ನಿಮಗೆ ಇಷ್ಟು ದೊಡ್ಡ ಕುರ್ಚಿ ಯಾಕೆ ಅಂತ. ತೀರ್ಮಾನ ನಿಮ್ಮದೇ, ನಾನು ಜಗಳಕ್ಕೆ ಜಾಗ ಕೊಡ್ತೀನಿ ಅಷ್ಟೆ ಅಂದ್ರು. ಅಲ್ಲಿ ಆಡಿದ ಮಾತು ಕೋರ್ಟಿಗೆ ಹೋಗೋ ಹಾಗಿಲ್ಲವಂತೆ. ಯಾರೂ ಯಾರ ಮಾತನ್ನೂ ಆಮೇಲೆ ಹಿಡ್ಕೊಂಡು ಎಳೆಯೋ ಹಾಗಿಲ್ಲ."

ಬುಧವಾರ ನಾನೂ ಹೋದೆ. ಮೇಡಂ ಸಣ್ಣ ಮೈಕಟ್ಟಿನ ಹೆಂಗಸು, ದನಿ ಅದಕ್ಕಿಂತ ಸಣ್ಣದು. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬೆಂಚಿಗೆ ಮೆತ್ತೆ ಇರಲಿಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ನನ್ನ ಕಿವಿಗೆ ಗೋಡೆಯೆಂಬುದು ಸೊಳ್ಳೆಪರದೆಯಿದ್ದ ಹಾಗೆ.

ಆ ಮೇಡಂದು ಒಂದು ವಿಚಿತ್ರ ಕ್ರಮ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ತಮ್ಮ ಉತ್ತರ ಹೇಳುವಂತಿಲ್ಲ. ಮೊದಲು ಅವರು ಹೇಳಿದ್ದನ್ನೇ ಇವರು ತಿರುಗಿ ಹೇಳಬೇಕು, ಹೌದು ನಾನು ಹೇಳಿದ್ದು ಅದೇ ಎಂದು ಅವರು ಒಪ್ಪಬೇಕು. ಆಮೇಲೆ ಇವರ ಸರದಿ. ಭಾವ ಮೊದಲ ಸಲ ಅಕ್ಕನ ಮಾತನ್ನು ತಿರುಗಿ ಹೇಳುವಷ್ಟರಲ್ಲಿ ಬೆವತು ನೀರಾಗಿದ್ದರು.

"ಹೇಳಿದ್ದು ಏನಂದ್ರೆ... ನನ್ನಿಂದ ದೂರ ಹೋಗಬೇಕಂತೆ."

"ನಾನು ಹಾಗೆ ಹೇಳ್ಲಿಲ್ಲ," ಅಂದಳು ಅಕ್ಕ. "ನನ್ನ ಕೆಲಸ ದೊಡ್ಡದಾಗಿದೆ ಅಂದೆ. ಮೊದಲ ಸಲ."

"ಕೆಲಸ ದೊಡ್ಡದಾಗಿದೆ. ಮೊದಲ ಸಲ," ಅಂದರು ಭಾವ, ನುಂಗಲಾರದ ಮಾತ್ರೆ ನುಂಗುವವರಂತೆ.

ಮನೆಗೆ ಬಂದ ಮೇಲೆ ಆ ರೋಗ ನಮಗೆಲ್ಲ ಅಂಟಿತು. ಅನ್ನ ಮುದ್ದೆಯಾಗಿದೆ ಎಂದು ನಾನು ಅಂದರೆ ಅಮ್ಮ, "ಅನ್ನ ಮುದ್ದೆಯಾಗಿದೆ ಅಂತ ನೀನು ಹೇಳಿದೆ, ಹೌದು ತಾನೆ?" ಎಂದು ಕೇಳಿ, ನಾನು ಹೌದು ಅಂದ ಮೇಲೆ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಿದ್ದಳು.

ಎರಡನೆಯ ಬುಧವಾರ ಮೇಡಂ ಅಲಾರಂಳನ್ನು ಒಬ್ಬಳನ್ನೇ ಕರೆದು ಮಾತಾಡಿಸಿದರು. ಯಾರ ಜೊತೆ ಇರುತ್ತೀ ಎಂದು ಕೇಳಲೇ ಇಲ್ಲವಂತೆ. ಅಪ್ಪ ಅಮ್ಮನಿಗೆ ಏನು ಹೇಳಬೇಕು ಎಂದು ಕೇಳಿದರಂತೆ. "ನನ್ನ ಹತ್ರ ಹೇಳಿ ಕಳಿಸ್ಬೇಡಿ, ನೀವೇ ಹೇಳ್ಕೊಳ್ಳಿ ಅಂತ ಹೇಳಿ," ಅಂದಳಂತೆ ನಮ್ಮ ಹುಡುಗಿ.

ಮೂರನೆಯ ಬುಧವಾರ ಎಲ್ಲವೂ ಮುರಿದುಬೀಳುವುದರಲ್ಲಿತ್ತು. ಮೇಡಂ ಕೇಳಿದ್ದು ಸಣ್ಣ ವಿಷಯ. ಮಗಳ ಒಂದು ದಿನವನ್ನು ಬೆಳಗ್ಗಿನಿಂದ ಮಲಗುವ ತನಕ ಹೇಳಿ. ಅಕ್ಕ ಬೆಳಗಿನದನ್ನು ಅಚ್ಚುಕಟ್ಟಾಗಿ ಹೇಳಿದಳು. ಭಾವ ಭಾನುವಾರದ್ದನ್ನು ಹೇಳಿದರು. ಶಾಲೆ ಬಿಟ್ಟ ಮೇಲೆ? ಇಬ್ಬರೂ ಒಟ್ಟಿಗೆ "ಅಜ್ಜಿ ಇರ್ತಾರೆ" ಅಂದರು. ಹೊಸ ಊರಿನಲ್ಲಿ? "ಅಮ್ಮನ್ನ ಕರ್ಕೊಂಡು ಹೋಗ್ತೀನಿ," ಅಂದಳು ಅಕ್ಕ. "ಅತ್ತೆ ಈ ಊರು ಬಿಡಲ್ಲ, ಇಲ್ಲಿದ್ರೆ ಅವರೇ ನೋಡ್ಕೊಳ್ತಾರೆ," ಅಂದರು ಭಾವ. ಅಲ್ಲಿಂದ ಜಗಳ ಹತ್ತಿಕೊಂಡಿತು. ಕುರ್ಚಿಗಳು ಸರಿದವು. ಅಕ್ಕ "ನಾಳೇನೇ ಕೇಸು ಹಾಕಿಸ್ತೀನಿ" ಎಂದದ್ದು ಕೆಳಗಿನ ಅಂಗಡಿಯ ಕನ್ನಡಕಗಳು ಬಿರುಕು ಬಿಡುವಷ್ಟು ಜೋರಾಗಿ ಕೇಳಿಸಿತು.

ಬಾಗಿಲು ತೆಗೆದು ಮೇಡಂ ಹೊರಗೆ, ನಾನೂ ಅಮ್ಮನೂ ಕೂತಿದ್ದ ಬೆಂಚಿನ ಹತ್ತಿರ ಬಂದರು. "ಅಮ್ಮ, ನೀವು ಒಳಗೆ ಬನ್ನಿ," ಎಂದರು. ನಾನೂ ಎದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ತಡೆಯಲೂ ಇಲ್ಲ.

"ಇಬ್ಬರೂ ನಿಮ್ಮ ಸಂಜೆಗಳನ್ನ ಹಂಚ್ಕೊಳ್ತಿದಾರೆ," ಅಂದರು ಮೇಡಂ. "ನಿಮಗೇನು ಬೇಕು?"

ಅಮ್ಮನಿಗೆ ಯಾರಾದರೂ ಆ ಪ್ರಶ್ನೆ ಕೇಳಿ ನೂರು ವರ್ಷವಾದರೂ ಆಗಿತ್ತು. ಅವಳು ಸೆರಗಿನಿಂದ ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದಳು.

"ಇಲ್ಲಿ ಹೇಳಿದ್ದು ಕೋರ್ಟಿಗೆ ಹೋಗಲ್ಲ ಅಂದಿದ್ರಿ."

"ಹೋಗಲ್ಲ."

"ಇವರಿಬ್ಬರೂ ಅದನ್ನ ಹಿಡ್ಕೊಂಡು ಹೊರಗೆ ಜಗಳ ಆಡೋ ಹಾಗಿಲ್ಲ."

"ಇಲ್ಲ. ಇಬ್ಬರೂ ಒಪ್ಪಿ ಬಂದಿದಾರೆ."

"ಹೊತ್ತು ಇಳಿದ್ರೆ ನನಗೆ ಕಣ್ಣು ಕಾಣಲ್ಲ," ಅಂದಳು ಅಮ್ಮ. "ಕನ್ನಡಕದ ಮಾತಲ್ಲ ಇದು. ಆಪರೇಷನ್ ಆಗಬೇಕಂತೆ, ಮಾಡಿದ್ರೂ ಒಂದು ಕಣ್ಣಿಗೆ ಭರವಸೆ ಇಲ್ಲವಂತೆ. ಹೋದ ತಿಂಗಳು ಮೊಟ್ಟೆ ಹುರಿಯೋಕೆ ಹೋಗಿ ಬಿಸಿ ಎಣ್ಣೆ ಕೆಳಗೆ ಚೆಲ್ಲಿದೆ. ಮಗು ಪಕ್ಕದಲ್ಲೇ ನಿಂತಿತ್ತು. ಅವತ್ತಿಂದ ಸಂಜೆ ಒಲೆ ಹಚ್ಚೋದು ಅವಳು, ನಾನು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳ್ತೀನಿ."

ಅಕ್ಕನ ಮುಖ ಒಗೆದ ಚಾದರದಂತಾಯಿತು. "ಯಾಕಮ್ಮ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಿನಗೆ ಹೇಳಿದ್ರೆ, ಅಜ್ಜಿ ಮನೆ ಮಗುಗೆ ಸುರಕ್ಷಿತ ಅಲ್ಲ ಅಂತ ನಿನ್ನ ವಕೀಲರು ಬರೀತಿದ್ರು. ಇವರಿಗೆ ಹೇಳಿದ್ರೆ ಇವರ ವಕೀಲರು ಇನ್ನೂ ಚೆನ್ನಾಗಿ ಬರೀತಿದ್ರು. ಇಬ್ಬರಲ್ಲಿ ಯಾರಾದ್ರೂ ಒಬ್ರು ನನ್ನ ಕಣ್ಣನ್ನ ಕೋರ್ಟಿಗೆ ಎಳ್ಕೊಂಡು ಹೋಗ್ತಿದ್ರಿ. ಆಮೇಲೆ ಮಗು ನಮ್ಮ ಮನೆಗೆ ಬರೋದೇ ನಿಂತುಹೋದ್ರೆ?"

ಮೇಡಂ ಯಾರಿಗೂ ತಿರುಗಿ ಹೇಳಿ ಅನ್ನಲಿಲ್ಲ. ಭಾವನೇ ತಾವಾಗಿ ಹೇಳಿದರು.

"ಅತ್ತೆ ಹೇಳಿದ್ದು, ಸಂಜೆ ಮಗು ಹತ್ರ ಯಾರೂ ಇಲ್ಲ ಅಂತ."

"ಹೌದು," ಅಂದಳು ಅಮ್ಮ. "ನಾನು ಹೇಳಿದ್ದು ಅದೇ."

ಅಲ್ಲಿಗೆ ಇಬ್ಬರ ಯೋಜನೆಯೂ ನೆಲ ಕಚ್ಚಿತು. ಇನ್ನೆರಡು ಬುಧವಾರ ಅವರು ಅಗೆದದ್ದು ಅದೊಂದೇ ವಿಷಯವನ್ನು, ಶಾಲೆ ಬಿಟ್ಟ ಹೊತ್ತಿನಿಂದ ಮಲಗುವ ತನಕ ಮಗುವಿನ ಹತ್ತಿರ ಯಾರು. ಹೊಸ ಊರಿನಲ್ಲಿ ಮೊದಲ ವರ್ಷ ಅಕ್ಕನಿಗೆ ರಾತ್ರಿಪಾಳಿ ತಪ್ಪುವಂತಿರಲಿಲ್ಲ. ವರ್ಗ ಬೇಡ ಅಂದರೆ ಆ ಜಾಗ ಇನ್ನೊಬ್ಬರಿಗೆ. ಭಾವ ಕೂಗಿದ ಕಡೆ ಓಡುವ ಕೆಲಸ ಬಿಟ್ಟು, ಒಂದೇ ಒಂದು ಕಚೇರಿ ಕಟ್ಟಡದ ಲಿಫ್ಟುಗಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೆಲಸ ಕೇಳಿಕೊಂಡರು. ಸಂಬಳ ಇಳಿಯಿತು. ಮಳೆಯಂತೆ ಗಾಳಿಯಂತೆ ಊರೆಲ್ಲ ಸುತ್ತುತ್ತಿದ್ದ ಮನುಷ್ಯ ಆರು ಲಿಫ್ಟಿನ ಕಾವಲುಗಾರರಾದರು.

ಅಕ್ಕ ಒಂದು ಸಂಜೆ ಬಟ್ಟೆ ಮಡಿಚುತ್ತ ಅಮ್ಮನ ಮೇಲೆ ಹರಿಹಾಯ್ದಳು.

"ಮಗಳನ್ನ ಬಿಟ್ಟು ಹೋದಳು ಅಂತಾರೆ ನನ್ನ. ನಿನಗೇನು."

"ಅನ್ನೋರು ಬಂದು ಸಂಜೆ ಮಗು ಹತ್ರ ಕೂರ್ತಾರಾ ಕೇಳು."

"ಅವಳು ನನ್ನ ಮರೆತ್ರೆ?"

"ನೀನೇನು ಮರೆತ್ಯಾ ನನ್ನನ್ನ? ದಿನಾ ಬೈಸ್ಕೊಳ್ತೀನಿ."

ಕೊನೆಗೆ ಒಪ್ಪಂದವಾದದ್ದು ಹೀಗೆ. ಒಂದು ವರ್ಷ ಅಕ್ಕ ಒಬ್ಬಳೇ ಹೋಗುವುದು. ಅಲಾರಂ ಇದೇ ಶಾಲೆ, ನಮ್ಮದೇ ಮನೆ. ಭಾವ ಪ್ರತಿದಿನ ಶಾಲೆ ಬಿಡುವ ಹೊತ್ತಿಗೆ ಬಂದು, ಅಡುಗೆ ಮಾಡಿ ಉಣಿಸಿ, ಅಲ್ಲೇ ಮಲಗಿ, ಬೆಳಗ್ಗೆ ಶಾಲೆಗೆ ಕಳಿಸಿ ಹೋಗುವುದು. ಶನಿವಾರ ಭಾನುವಾರ ಅಕ್ಕ ಬರುವುದು, ಆಗ ಭಾವ ತಮ್ಮ ಮನೆಗೆ. ವರ್ಷ ಕಳೆದ ಮೇಲೆ ಮತ್ತೆ ಕೂತು ಮಾತಾಡುವುದು. ದೊಡ್ಡ ವಿಷಯವಾದರೆ ಇಬ್ಬರೂ ಕೇಳಿಕೊಂಡು ಮಾಡಬೇಕು, ಸಣ್ಣ ವಿಷಯವಾದರೆ ಆ ದಿನ ಯಾರಿರುತ್ತಾರೋ ಅವರ ಇಷ್ಟ. ಅಮ್ಮನ ಕಣ್ಣಿನ ಆಪರೇಷನ್ನಿಗೆ ನಾನು ಜೊತೆಗೆ. ಅದನ್ನು ಸೇರಿಸಿದ್ದು ಮೇಡಂ, ನನ್ನನ್ನು ಕೇಳದೆ.

ಸಹಿ ಹಾಕಿದ ದಿನ ಇಬ್ಬರೂ ನಮ್ಮ ಮನೆಗೆ ಬಂದು ಬೀರುವಿನ ಮುಂದೆ ನಿಂತರು. ಯಾರು ಮೊದಲು? ಒಂದು ಯುಗ ಕಳೆಯಿತು. ಭಾವ ತಮ್ಮ ಬೀಗ ತೆಗೆದರು. ಅಕ್ಕನದು ತಿರುಗಲಿಲ್ಲ. ಭಾವ ಚೀಲದಿಂದ ಎಣ್ಣೆಯ ಡಬ್ಬಿ ತೆಗೆದು ಒಂದು ತೊಟ್ಟು ಬಿಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು ದೂರ ನಿಂತರು. ಅವಳೇ ತಿರುಗಿಸಿದಳು. ಹಳದಿ ಫ್ರಾಕು ಸಿಕ್ಕಿತು, ಆದರೆ ಅಷ್ಟರಲ್ಲಿ ಹುಡುಗಿ ಮೂರು ಅಡಿ ಬೆಳೆದಿದ್ದಳು. ಫ್ರಾಕು ಮೊಣಕಾಲಿನಿಂದ ಮೇಲಕ್ಕೇ ನಿಂತುಬಿಟ್ಟಿತು.

ಅಕ್ಕ ಹೋದಳು. ಭಾವ ಅಡುಗೆಮನೆಗೆ ಇಳಿದರು. ಮೊದಲ ವಾರ ಅವರು ಬೇಯಿಸಿದ ಬೀನ್ಸನ್ನು ನಾನು ಸೋಫಾದೊಳಗೆ ತುಂಬಿಸಬಹುದಿತ್ತು. ಅಮ್ಮ ಕುರ್ಚಿಯಲ್ಲಿ ಕೂತು ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಎದ್ದು ಹೋಗಿ ಸೌಟು ಕಸಿದುಕೊಳ್ಳದೆ ಇರಲು ಅವಳು ಕುರ್ಚಿಯ ಕೈಗಳನ್ನು ಹಿಡಿದ ಹಿಡಿತಕ್ಕೆ ನಾನು ಹೊದಿಸಿದ ಬಟ್ಟೆ ಹರಿಯಿತು.

ಮೂರನೆಯ ಶನಿವಾರ ಅಕ್ಕ ಬಂದಾಗ ಬಾಗಿಲು ತೆಗೆದದ್ದು ಅಲಾರಂ. ಸೊಂಟದ ತನಕ ಇದ್ದ ಕೂದಲು ಕಿವಿಯ ಕೆಳಗೆ ಮುಗಿದಿತ್ತು. ಎಡಗಡೆ ಒಂದು ಅಳತೆ, ಬಲಗಡೆ ಇನ್ನೊಂದು.

ಅಕ್ಕ ಚೀಲ ಕೆಳಗಿಡಲಿಲ್ಲ. ಹೊರಡಲು ಚಪ್ಪಲಿ ಹುಡುಕುತ್ತಿದ್ದ ಭಾವ ಬಗ್ಗಿದಲ್ಲೇ ನಿಂತರು. ನಾನು ಅಂಗಡಿಗೆ ಓಡಿಹೋಗೋಣವೆಂದುಕೊಂಡೆ, ಆದರೆ ಇಂಥದ್ದನ್ನು ಬಿಟ್ಟು ಹೋಗುವವನು ನಾನಲ್ಲ.

"ಯಾರು ಕತ್ತರಿಸಿದ್ದು?"

"ಅಪ್ಪ," ಅಂದಳು ಅಲಾರಂ. "ಹೇನಾಗಿತ್ತು. ಅಪ್ಪಂಗೆ ಜಡೆ ಹಾಕೋಕೂ ಬರ್ತಿರ್ಲಿಲ್ಲ, ದಿನಾ ಶಾಲೆಗೆ ತಡ. ನಾನೇ ಕತ್ತರಿಸಿ ಅಂದೆ. ಅಪ್ಪ ನಿನ್ನ ಕೇಳ್ಬೇಕು ಅಂದ್ರು. ನನಗೆ ಕಾಯೋಕಾಗ್ಲಿಲ್ಲ, ಈಗ್ಲೇ ಅಂದೆ."

"ಒಂದು ಫೋನು ಮಾಡೋಕಾಗ್ಲಿಲ್ವಾ?" ಇದು ಭಾವನಿಗೆ.

"ನೀನು ಪಾಳಿಯಲ್ಲಿದ್ದೆ," ಅಂದರು ಭಾವ. "ಮತ್ತೆ... ಕೂದಲು ದೊಡ್ಡ ವಿಷಯನೋ ಸಣ್ಣ ವಿಷಯನೋ ಗೊತ್ತಾಗ್ಲಿಲ್ಲ."

"ಕೂದಲು ಸಣ್ಣ ವಿಷಯನಾ?"

"ಅದನ್ನೇ ಹೇಳ್ತಿರೋದು. ಗೊತ್ತಾಗ್ಲಿಲ್ಲ."

ಅಮ್ಮ ಕುರ್ಚಿಯಿಂದಲೇ ಮುಖವನ್ನು ಅವರ ಕಡೆ ತಿರುಗಿಸಿದಳು.

ಅಕ್ಕ ಚೀಲ ಇಟ್ಟಳು. ಮಗಳ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಕತ್ತಿನ ಹಿಂದೆ ಬೆರಳಾಡಿಸಿ ನೋಡಿದಳು.

"ಹೇನು ಹೋಗಿದೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕತ್ತರಿ ಕೊಡೋ. ಎಡಗಡೆ ಓರೆಯಾಗಿದೆ."

ನನ್ನ ಕತ್ತರಿಗೆ ಚರ್ಮವೂ ಬೆಣ್ಣೆಯೂ ಒಂದೇ. ತಂದುಕೊಟ್ಟೆ. ಅಲಾರಂ ಸ್ಟೂಲಿನ ಮೇಲೆ ಕೂತಳು. ಹೊತ್ತು ಇಳಿದಿತ್ತು, ಅಕ್ಕ ಕಣ್ಣು ಕಿರಿದು ಮಾಡಿದಳು. ಭಾವ ಚಪ್ಪಲಿ ಅಲ್ಲೇ ಬಿಟ್ಟು, ಲಿಫ್ಟಿನ ಗುಂಡಿಗೆ ಒಯ್ಯುವ ಟಾರ್ಚನ್ನು ತೆಗೆದು, ಎರಡು ಹೆಜ್ಜೆ ದೂರದಲ್ಲಿ ನಿಂತು ಬೆಳಕು ಬಿಟ್ಟರು.

"ಸ್ವಲ್ಪ ಈ ಕಡೆ," ಅಂದಳು ಅಕ್ಕ, ತಿರುಗಿ ನೋಡದೆ. ಬೆಳಕು ಈ ಕಡೆ ಸರಿಯಿತು.

"ಮೇಡಂನ ಕೇಳೋಣ್ವಾ, ಕೂದಲು ಯಾವುದಕ್ಕೆ ಸೇರುತ್ತೆ ಅಂತ?" ಕೇಳಿದರು ಭಾವ.

ಕತ್ತರಿ ಎರಡು ಸಲ ಆಡಿತು.

"ಬೇಡ. ಕಿವಿಯಿಂದ ಕೆಳಗೆ ನಿಮ್ಮಿಷ್ಟ. ಮೇಲೆ ಹೋಗೋದಾದ್ರೆ ನನ್ನ ಕೇಳಿ."

"ಕಿವಿಯಿಂದ ಮೇಲೆ ನಿನ್ನ ಕೇಳಬೇಕು," ಅಂದರು ಭಾವ.

"ಹೌದು."

"ಅಲುಗಾಡ್ಬೇಡಿ ಅಪ್ಪ, ಬೆಳಕು ಕಣ್ಣಿಗೆ ಬೀಳುತ್ತೆ," ಅಂದಳು ಅಲಾರಂ.